ಕಾಯುವ ತಾಕತ್ತು ಯಾರಿಗದ?

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಾಸ್ಟೆಲ್ ಗೆಳೆಯರ ಅಧ್ಯಯನ ಶಿಬಿರದಲ್ಲಿ ಅರ್ಥಶಾಸ್ತ್ರದ ಮೊದಲ ಪಾಠವಾಗಿ ಆಡಿದ ಮಾತು. ಕೇಳಿದವರು ಬರೆದುಕೊಡಿ ಅಂದದ್ದಕ್ಕೆ ಇಲ್ಲಿ ಕೊಟ್ಟಿದ್ದೇವೆ.)



ಅರ್ಥಶಾಸ್ತ್ರ ಅಂದ ಕೂಡಲೆ ನಮ್ಮ ಹುಡುಗರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ನಾವೂ ಹಾಗೆ ಸರಿದವರೇ. ಕವಿತೆ ಬರೆಯುವವರಿಗೆ ಲೆಕ್ಕ ಯಾಕೆ ಅಂತ ಅಂದುಕೊಂಡಿದ್ದೆವು. ಬಿ.ಎ. ಮೊದಲ ವರ್ಷ ಗುರುಗಳು ಕರಿಹಲಗೆಯ ಮೇಲೆ ಎರಡು ಗೆರೆ ಎಳೆದರು. ಒಂದು ಮೇಲಿಂದ ಕೆಳಗೆ ಇಳಿಯಿತು, ಅದು ಬೇಡಿಕೆ. ಒಂದು ಕೆಳಗಿಂದ ಮೇಲೆ ಏರಿತು, ಅದು ಪೂರೈಕೆ. ಎರಡೂ ಕೂಡಿದ ಕಡೆ ಒಂದು ಚುಕ್ಕೆ ಇಟ್ಟು 'ಇದೇ ಬೆಲೆ' ಅಂದರು. ನಾವು ಬರೆದುಕೊಂಡೆವು. ಪರೀಕ್ಷೆಯಲ್ಲೂ ಅದನ್ನೇ ಬರೆದು ಪಾಸಾದೆವು. ಆ ಚುಕ್ಕೆಯ ಮೇಲೆ ಯಾರು ನಿಂತಿದ್ದಾರೆ ಅಂತ ಮಾತ್ರ ಕೇಳಲಿಲ್ಲ. ಅಲ್ಲಿ ನಮ್ಮ ಅವ್ವ, ನಿಮ್ಮ ಅವ್ವ ತಲೆ ಮೇಲೆ ಬುಟ್ಟಿ ಹೊತ್ತು ನಿಂತಿದ್ದರು ಅನ್ನುವುದು ತಿಳಿಯಲಿಕ್ಕೆ ನಮಗೆ ಇನ್ನೂ ನಾಲ್ಕು ವರ್ಷ ಬೇಕಾದವು. ನಿಮಗೆ ಅಷ್ಟು ತಡ ಆಗಬಾರದು ಅಂತ ಈ ಮಾತು.

ಮೊದಲು, ಅರ್ಥಶಾಸ್ತ್ರ ಅಂದರೇನು? ಮನೆಯಲ್ಲಿ ಒಂದು ಸೇರು ಜೋಳದ ಹಿಟ್ಟು ಇದೆ. ಉಣ್ಣುವ ಬಾಯಿ ಆರು. ಯಾರಿಗೆ ಎಷ್ಟು ರೊಟ್ಟಿ, ಯಾರು ಮೊದಲು, ಯಾರು ಕಡೆಗೆ? ಅವ್ವ ದಿನಾ ಒಲೆ ಮುಂದೆ ಕೂತು ಮಾಡುವ ಈ ಲೆಕ್ಕವೇ ಅರ್ಥಶಾಸ್ತ್ರ. ಇರುವುದು ಕಡಿಮೆ, ಬೇಕಾದದ್ದು ಹೆಚ್ಚು, ಇದ್ದದ್ದನ್ನೇ ನಾಲ್ಕು ಕೆಲಸಕ್ಕೆ ಹಚ್ಚಬಹುದು. ಆದ್ದರಿಂದ ಆಯ್ಕೆ ಮಾಡಬೇಕು. ಲಂಡನ್ನಿನ ಲಿಯೊನೆಲ್ ರಾಬಿನ್ಸ್ 1932ರಲ್ಲಿ ಬರೆದ ಪುಸ್ತಕದಲ್ಲಿ ಈ ಅರ್ಥವನ್ನೇ ಕೊಟ್ಟ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ವಿರಳತೆ ಅಂತಾರೆ. ನಮ್ಮ ಮಾತಿನಲ್ಲಿ ಕೊರತೆ.

ಸರಿ. ಆದರೆ ನಾವು ಅಲ್ಲಿಗೇ ನಿಲ್ಲಬಾರದು. ಕೊರತೆ ಎಲ್ಲಿಂದ ಬಂತು ಅಂತ ಕೇಳಬೇಕು. 'ಡೋಣಿ ಬೆಳೆದರೆ ಓಣಿ ತುಂಬಾ ಜೋಳ' ಅಂತ ನಮ್ಮ ಕಡೆ ಗಾದೆ ಅದ. ಬಾಗೇವಾಡಿ, ಮುದ್ದೇಬಿಹಾಳದ ಗೆಳೆಯರು ಡೋಣಿ ಹೊಳೆಯ ಎರಿ ಹೊಲ ನೋಡಿದ್ದೀರಿ. ಬೆಳೆ ಬಂದ ವರ್ಷ ಜೋಳ ಬರುವುದು ಖರೆ. ಆದರೆ ಯಾವ ಓಣಿ? ಗೌಡರ ಓಣಿಯ ಹಗೇವು ತುಂಬಿದ ವರ್ಷವೂ ಕೇರಿಯ ಗಡಿಗೆ ಅರ್ಧಕ್ಕೇ ನಿಂತಿದೆ. ಬೆಳೆಯುವುದು ಒಂದು ಪ್ರಶ್ನೆ, ಹಂಚುವುದು ಇನ್ನೊಂದು ಪ್ರಶ್ನೆ. ಪರೀಕ್ಷೆಯಲ್ಲಿ ಮೊದಲನೆಯದಕ್ಕೆ ಮಾರ್ಕು ಹೆಚ್ಚು. ನಮ್ಮ ಜೀವನದಲ್ಲಿ ಎರಡನೆಯದಕ್ಕೆ.

ಇನ್ನು ಎರಡನೆಯ ಪಾಠ. ಊರಲ್ಲಿ ಏನಂತಾರೆ? 'ನಿಮಗೇನಪಾ, ಹಾಸ್ಟೆಲ್ ಪುಕ್ಕಟೆ, ಊಟ ಪುಕ್ಕಟೆ, ಪುಸ್ತಕ ಪುಕ್ಕಟೆ.' ಹಾಗೆ ಅಂದವರಿಗೆ ನೀವು ಅರ್ಥಶಾಸ್ತ್ರದಿಂದಲೇ ಉತ್ತರ ಕೊಡಬಹುದು. ಒಂದನ್ನು ಹಿಡಿಯಲಿಕ್ಕೆ ಕೈಬಿಟ್ಟ ಇನ್ನೊಂದಕ್ಕೂ ಬೆಲೆ ಇದೆ. ಇದಕ್ಕೆ ಅವಕಾಶ ವೆಚ್ಚ ಅಂತಾರೆ. ನೀವು ಇಲ್ಲಿ ಕೂತು ಓದುವ ಪ್ರತಿ ದಿನ, ನೀವು ದುಡಿದಿದ್ದರೆ ಮನೆಗೆ ಬರುತ್ತಿದ್ದ ಕೂಲಿ ಬರುವುದಿಲ್ಲ. ಸರಕಾರ ಅನ್ನ ಕೊಡುತ್ತದೆ, ನಿಜ. ಆದರೆ ಆ ಹೋದ ಕೂಲಿಯನ್ನು ಕೊಡುವವಳು ನಿಮ್ಮ ಅವ್ವ. ಆಕೆ ಒಂದು ಹೊತ್ತು ಕಡಿಮೆ ಉಂಡು, ಒಂದು ಹೊಲ ಹೆಚ್ಚು ಕಳೆ ತೆಗೆದು, ನಿಮ್ಮ ಓದಿನ ಫೀ ಕಟ್ಟುತ್ತಿದ್ದಾಳೆ. ಯಾವ ರಸೀದಿಯೂ ಇಲ್ಲದ ಫೀ ಅದು.

ನಮ್ಮ ಕೋಣೆಯಲ್ಲಿ ಒಬ್ಬ ಗೆಳೆಯ ಇದ್ದ. ಲೆಕ್ಕದಲ್ಲಿ ನಮಗೆಲ್ಲ ಅವನೇ ಮಾಸ್ತರ. ದೀಪಾವಳಿ ಸೂಟಿಗೆ ಊರಿಗೆ ಹೋದ. ಅವರಪ್ಪ ಮಗಳ ಮದುವೆಗೆ ಕಬ್ಬು ಕಡಿಯುವ ಟೋಳಿಯ ಮುಕಾದಮನ ಹತ್ತಿರ ಮುಂಗಡ ತಗೊಂಡಿದ್ದ. ಟೋಳಿಗೆ ಒಂದು ಕೈ ಕಡಿಮೆ ಬಿತ್ತು. ಗೆಳೆಯ ಹೋದ. ಕಬ್ಬಿನ ಹಂಗಾಮು ಅಂದರೆ ಐದು ತಿಂಗಳು. ಅಷ್ಟರಲ್ಲಿ ಪರೀಕ್ಷೆ ಬಂತು, ಹೋಯಿತು. ಅವನ ಟ್ರಂಕು ಮಂಚದ ಕೆಳಗೇ ಉಳಿಯಿತು. ಒಯ್ಯಲಿಕ್ಕೂ ಅವನು ಬರಲಿಲ್ಲ.

'ಓದಿನ ಮ್ಯಾಲ ಮನಸಿರಲಿಲ್ಲ ಬಿಡು' ಅಂದರು ಕೆಲವರು. ಅದು ಸುಳ್ಳು. ಅವನ ಲೆಕ್ಕ ತಪ್ಪಿರಲಿಲ್ಲ. ಓದಿನ ಫಲ ಬರುವುದು ಎಂಟು-ಹತ್ತು ವರ್ಷದ ಮೇಲೆ. ಮುಕಾದಮ ಬಾಗಿಲಿಗೆ ಬಂದದ್ದು ಆ ವಾರ. ಎಂಟು-ಹತ್ತು ವರ್ಷ ಕಾಯುವ ತಾಕತ್ತು ಆ ಮನೆಗೆ ಇರಲಿಲ್ಲ. ಉಳ್ಳವರ ಮಗನಿಗೂ ಅವಕಾಶ ವೆಚ್ಚ ಇದೆ. ಆದರೆ ಅವನು ಓದುತ್ತ ಕೂತರೆ ಅವರ ಮನೆಯಲ್ಲಿ ರಾತ್ರಿ ಒಲೆ ಹತ್ತದೆ ಇರುವುದಿಲ್ಲ. ವ್ಯತ್ಯಾಸ ಇಷ್ಟೇ.

ಗೆಳೆಯರೇ, ಈ ದಿನದ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ. ಕಾಯುವ ತಾಕತ್ತು ಯಾರಿಗದ? ಬೆಲೆ, ಕೂಲಿ, ಬಡ್ಡಿ, ಲಾವಣಿ, ಇವನ್ನೆಲ್ಲ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯ ಮಾಡಿದ್ದಾರೆ. ನಾವು ಈ ಒಂದು ಪ್ರಶ್ನೆ ಹಿಡಿದುಕೊಂಡು ನಾಲ್ಕೂ ಕೋಣೆಗಳನ್ನು ಹೊಕ್ಕು ಬರೋಣ.

ಮೊದಲು ಬೆಲೆ. ಇಂಡಿ ಗೆಳೆಯರಿಗೆ ಲಿಂಬಿಹಣ್ಣಿನ ಮಾತು ಹೇಳಬೇಕಿಲ್ಲ. 2023ರಲ್ಲಿ ಇಂಡಿ ಲಿಂಬಿಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು. ಬ್ಯಾಸಿಗೆಯಲ್ಲಿ ಶರಬತ್ತಿನ ಅಂಗಡಿಗಳು ತುಂಬುತ್ತವೆ, ಗಿಡದಲ್ಲಿ ಹಣ್ಣು ಕಡಿಮೆ, ಬೆಲೆ ಏರುತ್ತದೆ. ಮಳೆಗಾಲದಲ್ಲಿ ಗಿಡ ಜೋತುಬೀಳುವಷ್ಟು ಹಣ್ಣು, ಕೊಳ್ಳುವವರು ಕಡಿಮೆ, ಬೆಲೆ ನೆಲ ಕಚ್ಚುತ್ತದೆ. ಬೇಡಿಕೆ ಹೆಚ್ಚಿ ಪೂರೈಕೆ ತಗ್ಗಿದರೆ ಬೆಲೆ ಏರುತ್ತದೆ, ಪೂರೈಕೆ ಹೆಚ್ಚಿ ಬೇಡಿಕೆ ತಗ್ಗಿದರೆ ಇಳಿಯುತ್ತದೆ. ಗುರುಗಳು ಎಳೆದ ಗೆರೆ ಇಷ್ಟನ್ನು ಸರಿಯಾಗಿಯೇ ಹೇಳಿತ್ತು. ಅದನ್ನು ಕಲಿಯಿರಿ. ಬೈಯಬೇಡಿ.

ಆದರೆ ಒಂದು ಮಾತು ಗೆರೆಯಲ್ಲಿ ಇಲ್ಲ. ಹರಿದ ಲಿಂಬಿ ಎಷ್ಟು ದಿನ ತಡೆಯುತ್ತದೆ? ಚೀಲ ಕಟ್ಟಿ ಪ್ಯಾಟಿಗೆ ತಂದವನು 'ಈ ಬೆಲೆಗೆ ಕೊಡೂದಿಲ್ಲ' ಅಂತ ತಿರುಗಿ ಒಯ್ದರೆ ದಾರಿಯಲ್ಲೇ ಹಣ್ಣು ಬಾಡುತ್ತದೆ, ಗಾಡಿ ಬಾಡಿಗೆ ಮೈಮೇಲೆ ಬರುತ್ತದೆ. ಇದು ದಲಾಲಿಗೂ ಗೊತ್ತು. ಅವನು ಸುಮ್ಮನೆ ಕೂತಿರುತ್ತಾನೆ. ಸುಮ್ಮನೆ ಕೂಡುವುದೇ ಅವನ ಬಂಡವಾಳ.

ಜೋಳ ಹಾಗಲ್ಲ, ಅದು ಕೆಡುವುದಿಲ್ಲ, ಹಗೇವಿನಲ್ಲಿ ಇಡಬಹುದು. ಹಾಗಾದರೆ ಎರಡೆಕರೆಯವನು ಯಾಕೆ ಇಡುವುದಿಲ್ಲ? ಹಿಂಗಾರಿ ಜೋಳ ಹೋಳಿಹುಣ್ಣಿವೆ ಆಜೂಬಾಜೂ ರಾಶಿಯಾಗುತ್ತದೆ. ಆಗ ಎಲ್ಲರ ಕಣದಲ್ಲೂ ಜೋಳ, ಬೆಲೆ ಕಡಿಮೆ. ಆಗಲೇ ಬೀಜದ ಸಾಲ, ಅಂಗಡಿ ಉದ್ರಿ, ದವಾಖಾನೆ ಸಾಲ ಎಲ್ಲವೂ ಕಣಕ್ಕೇ ಬಂದು ನಿಲ್ಲುತ್ತವೆ. ಮಾರುತ್ತಾನೆ. ನಾಗರಪಂಚಮಿ ಬರುವುದರೊಳಗೆ ಮನೆಯಲ್ಲಿ ಕಾಳು ತೀರುತ್ತದೆ. ಕೊಳ್ಳಲು ಹೋಗುತ್ತಾನೆ. ಲೆಕ್ಕಕ್ಕೆಂದು ಹಿಡಿಯಿರಿ: ಹೋಳಿಗೆ ಕ್ವಿಂಟಾಲಿಗೆ 3000 ರೂಪಾಯಿಯಂತೆ 4 ಕ್ವಿಂಟಾಲ್ ಮಾರಿದ. ಪಂಚಮಿಗೆ 4000 ರೂಪಾಯಿಯಂತೆ ಅಷ್ಟೇ ಜೋಳ ಕೊಂಡ. ತಾನೇ ಬಿತ್ತಿ, ತಾನೇ ಹರಗಿ, ತಾನೇ ಕೊಯ್ದ ಜೋಳ ತಿನ್ನಲಿಕ್ಕೆ 4000 ರೂಪಾಯಿ ದಂಡ ಕಟ್ಟಿದ. ಇದರಲ್ಲಿ ಯಾರೂ ತೂಕದಲ್ಲಿ ಮೋಸ ಮಾಡಲಿಲ್ಲ, ಯಾರೂ ಹೊಡೆಯಲಿಲ್ಲ. ಐದು ತಿಂಗಳು ಕಾಯುವ ತಾಕತ್ತು ಒಬ್ಬನಿಗೆ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಅಷ್ಟರಿಂದಲೇ ಇವನ ಗಡಿಗೆ ಖಾಲಿಯಾಗಿ ಅವನ ಹಗೇವು ತುಂಬಿತು.

ಇದಕ್ಕೆ ಜಾತಿಯ ಮಾತೂ ಕೂಡುತ್ತದೆ. ಪುಸ್ತಕದ ಮಾರುಕಟ್ಟೆಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಮಾರಬಹುದು. ನಮ್ಮ ಕೇರಿಯ ಹೆಣ್ಣುಮಗಳು ಒಂದು ಎಮ್ಮೆ ಕಟ್ಟಿ ಹಾಲು ಮಾರುತ್ತೇನೆ ಅಂದರೆ ಊರೊಳಗಿನ ಎಷ್ಟು ಮನೆಯವರು ಪಾತ್ರೆ ಹಿಡಿದು ಬರುತ್ತಾರೆ? ನಮ್ಮ ಹುಡುಗ ಚಹಾದ ಅಂಗಡಿ ಇಟ್ಟರೆ? ಹಾಲಿಗೆ ಬೇಡಿಕೆ ಇದೆ, ಚಹಾಕ್ಕೆ ಬೇಡಿಕೆ ಇದೆ, ನಮ್ಮ ಕೈಯ ಹಾಲಿಗೆ, ನಮ್ಮ ಕೈಯ ಚಹಾಕ್ಕೆ ಬೇಡಿಕೆ ಇಲ್ಲ. ಬೇಡಿಕೆಯ ಗೆರೆ ಊರಲ್ಲಿ ಎಳೆದರೆ ಒಂದು ಥರ, ಕೇರಿಯಲ್ಲಿ ಎಳೆದರೆ ಇನ್ನೊಂದು ಥರ. ಪರೀಕ್ಷೆಯ ಹಾಳೆಯಲ್ಲಿ ಇದನ್ನು ಬರೆಯುವ ಮೊದಲ ತಲೆಮಾರು ನೀವಾಗಬೇಕು.

ಎರಡನೆಯ ಕೋಣೆ, ಕೂಲಿ. ಕೂಲಿ ಅಂದರೆ ದುಡಿಮೆಯ ಬೆಲೆ. ದುಡಿಮೆ ಲಿಂಬಿಗಿಂತಲೂ ಬೇಗ ಕೆಡುವ ಮಾಲು. ಇವತ್ತಿನ ಲಿಂಬಿ ನಾಳೆಗಾದರೂ ಇರುತ್ತದೆ. ಇವತ್ತು ಮಾರದೆ ಉಳಿದ ದುಡಿಮೆ ಸಂಜೆಗೆ ಸತ್ತುಹೋಗುತ್ತದೆ. ಆದ್ದರಿಂದಲೇ ಕೂಲಿಯವನು 'ಧಣ್ಯಾರ, ಎಷ್ಟರೆ ಕೊಡ್ರಿ' ಅನ್ನುತ್ತಾನೆ. ಧಣಿಯ ಕಳೆ ಎರಡು ದಿನ ತಡೆಯುತ್ತದೆ. ಇವನ ಹೊಟ್ಟೆ ತಡೆಯುವುದಿಲ್ಲ.

ನಮ್ಮ ನೆಲದ್ದೇ ಒಂದು ದೊಡ್ಡ ಉದಾಹರಣೆ ಹೇಳುತ್ತೇವೆ. 1876ರಿಂದ 1878ರವರೆಗೆ ದೊಡ್ಡ ಬರ ಬಿತ್ತು. ಆಗ ನಮ್ಮ ನಾಲ್ಕೂ ತಾಲೂಕು ಕಲಾದಗಿ ಜಿಲ್ಲೆಯಲ್ಲಿ ಇದ್ದವು. ಮುಂಬಯಿ ಪ್ರಾಂತ್ಯದಲ್ಲಿ ಬಹಳ ಜನ ಸತ್ತ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಜನರನ್ನು ರಸ್ತೆ, ಕೆರೆ ಕಾಮಗಾರಿಗೆ ಹಚ್ಚಿದರು. ಖರ್ಚು ಹೆಚ್ಚಾಯಿತೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನುವ ಬ್ರಿಟಿಷ್ ಅಧಿಕಾರಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಕಾಳು, ಮೇಲೊಂದಿಷ್ಟು ಚಿಲ್ಲರೆ ಕಾಸು, ಇಷ್ಟಕ್ಕೆ ಇಳಿಸಿದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವ ಮನುಷ್ಯನಿಗೆ! ಬೇಡಿಕೆ-ಪೂರೈಕೆಯ ಗೆರೆ ನೋಡಿದರೆ ಅವನ ಲೆಕ್ಕ ಸರಿ. ದುಡಿಯುವ ಕೈ ಲಕ್ಷಾಂತರ, ಕೆಲಸ ಕಡಿಮೆ. ಆದರೆ ಮುಂಬಯಿ ಪ್ರಾಂತ್ಯದಲ್ಲಿ ಸಾವಿರಾರು ಹಸಿದ ಜನ ಆ ಕೂಲಿ ಒಲ್ಲೆವೆಂದು ಕಾಮಗಾರಿ ಬಿಟ್ಟು ಎದ್ದು ನಡೆದರು. ಹಸಿದ ಹೊಟ್ಟೆಯಲ್ಲೇ ಮುಷ್ಕರ ಮಾಡಿದ ಆ ಜನರಿಂದ ನಾವು ಕಲಿಯುವುದು ಇದೆ.

ಬರದಲ್ಲಿ ಸಾಯುವವರು ಕಾಳು ಇಲ್ಲದ್ದಕ್ಕೇ ಸಾಯುತ್ತಾರೆ ಅಂತ ಎಲ್ಲರೂ ತಿಳಿದಿದ್ದರು. ಅಮರ್ತ್ಯ ಸೇನ್ ಅವರು 1981ರಲ್ಲಿ ಬಡತನ ಮತ್ತು ಬರಗಾಲಗಳ ಬಗ್ಗೆ ಬರೆದ ಪುಸ್ತಕದಲ್ಲಿ 1943ರ ಬಂಗಾಳದ ಲೆಕ್ಕ ಹಾಕಿ ತೋರಿಸಿದರು. ಕಾಳು ಇದ್ದರೂ ಅದನ್ನು ಪಡೆಯುವ ದಾರಿ ಮುಚ್ಚಿದರೆ ಜನ ಸಾಯುತ್ತಾರೆ. ಮೊದಲು ಸಾಯುವವರು ಯಾರು? ಹೊಲ ಇಲ್ಲದ ಕೂಲಿಯವರು, ಕೈಕಸುಬಿನವರು. ಅಂದರೆ ನಾವು.

ಕೂಲಿಯವನ ಕಾಯುವ ತಾಕತ್ತು ಹೆಚ್ಚಿದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಭೀಮಾ ದಾಟಿದರೆ ಮಹಾರಾಷ್ಟ್ರ. 1972ರ ಬರದ ಅನುಭವದ ಮೇಲೆ ಅಲ್ಲಿ ಉದ್ಯೋಗ ಖಾತರಿ ಯೋಜನೆ ಬೆಳೆಯಿತು, 1977ರಲ್ಲಿ ಕಾಯ್ದೆಯೂ ಆಯಿತು. 2005ರಲ್ಲಿ ದೇಶಕ್ಕೆಲ್ಲ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಬಂತು, ಒಂದು ಮನೆಗೆ ವರ್ಷಕ್ಕೆ 100 ದಿನದ ಕೆಲಸದ ಹಕ್ಕು ಬರೆಯಿತು. ಆಗ ಧಣಿಗಳು ಏನಂದರು, ನೆನಪಿಸಿಕೊಳ್ಳಿ. 'ಆಳು ಸಿಗವಲ್ಲವು, ಆಳಿನ ಸೊಕ್ಕು ಹೆಚ್ಚಾತು.' ಅರ್ಥಶಾಸ್ತ್ರದ ಭಾಷೆಗೆ ಇದನ್ನು ತಿರುಗಿಸಿರಿ. ಕೂಲಿಯವನಿಗೆ ಇನ್ನೊಂದು ಬಾಗಿಲು ತೆರೆಯಿತು, ಆದ್ದರಿಂದ ಈ ಬಾಗಿಲಲ್ಲಿ ಅವನು 'ಇಲ್ಲ' ಅನ್ನಬಲ್ಲವನಾದ. 'ಇಲ್ಲ' ಅನ್ನಬಲ್ಲವನಿಗೇ ಬೆಲೆ.

1982ರಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ ಇದನ್ನೇ ಕಾನೂನಿನ ಮಾತಾಗಿ ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿದರೆ ಅದು ಸಂವಿಧಾನದ 23ನೇ ವಿಧಿ ಬೇಡ ಅಂದ ಬಲವಂತದ ದುಡಿಮೆಯೇ. ಬಲವಂತ ಅಂದರೆ ಬಡಿಗೆ ಹಿಡಿದು ನಿಲ್ಲುವುದು ಮಾತ್ರವಲ್ಲ, ಹಸಿವು ಮಾಡುವುದೂ ಬಲವಂತವೇ. ನೆನಪಿಡಿ. ಇನ್ನು ಮುಂದೆ ಯಾರಾದರೂ 'ಅವ ತಾನಾಗೇ ಒಪ್ಪಿ ಬಂದಾನ' ಅಂದರೆ ಈ ಮಾತು ಹೇಳಿರಿ.

ಕೂಲಿಯ ಕೋಣೆಯಿಂದ ಹೊರಡುವ ಮುಂಚೆ ಇನ್ನೊಂದು ಸಣ್ಣ ಲೆಕ್ಕ. ಕೂಲಿಯನ್ನು ರೂಪಾಯಿಯಲ್ಲಿ ಅಳೆಯಬೇಡಿರಿ, ಜೋಳದಲ್ಲಿ ಅಳೆಯಿರಿ. ಕೂಲಿ 200 ರೂಪಾಯಿ, ಜೋಳ ಕಿಲೋಗೆ 40 ಇದ್ದಾಗ ಒಂದು ದಿನದ ದುಡಿಮೆಗೆ 5 ಕಿಲೋ ಜೋಳ. ಕೂಲಿ 300 ಆಯಿತು, ಜೋಳ 75 ಆಯಿತು ಅಂತ ಹಿಡಿಯಿರಿ. ಈಗ 4 ಕಿಲೋ. ರೊಕ್ಕ ಏರಿತು, ರೊಟ್ಟಿ ಇಳಿಯಿತು. ಮೊದಲನೆಯದು ನಗದು ಕೂಲಿ, ಎರಡನೆಯದು ನೈಜ ಕೂಲಿ. ಬಾಬಾಸಾಹೇಬರು 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತ ದೊಡ್ಡ ಗ್ರಂಥ ಬರೆದರು. ಆ ಗ್ರಂಥ ಕಷ್ಟದ್ದು, ನಾವೂ ಪೂರ್ತಿ ಅರಗಿಸಿಕೊಂಡಿಲ್ಲ. ಆದರೆ ಅದರ ಒಂದು ಕಾಳಜಿ ನಮಗೆ ತಿಳಿಯುತ್ತದೆ. ರೂಪಾಯಿಗೆ ಸಿಗುವ ಮಾಲು ಏರುಪೇರಾಗದಂತೆ ನೋಡಿಕೊಳ್ಳಬೇಕು. ಬೆಲೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲ, ನಡುವಿನ ಲಾಭ ವ್ಯಾಪಾರಿಯದು, ನಷ್ಟ ದುಡಿಯುವವನದು. ಗೋಡೆಯ ಮೇಲಿನ ಫೋಟೋದಲ್ಲಿ ಕೈಯಲ್ಲಿ ಸಂವಿಧಾನ ಹಿಡಿದ ಬಾಬಾಸಾಹೇಬರನ್ನು ದಿನಾ ನೋಡುತ್ತೀರಿ. ಅವರು ಮೊದಲು ಅರ್ಥಶಾಸ್ತ್ರಜ್ಞ ಅನ್ನುವುದನ್ನು ಮರೆಯಬೇಡಿರಿ.

ಮೂರನೆಯ ಕೋಣೆ, ಬಡ್ಡಿ. ಬಡ್ಡಿ ಅಂದರೆ ಕಾಲದ ಬೆಲೆ. ನನ್ನ ರೊಕ್ಕ ಇವತ್ತು ನಿನಗೆ ಕೊಟ್ಟು ನಾನು ಕಾಯುತ್ತೇನೆ, ಆ ಕಾಯುವಿಕೆಗೆ ಬೆಲೆ ಕೊಡು, ಅನ್ನುವುದು ಬಡ್ಡಿ. ನೋಡಿ, ಇಲ್ಲಿ ನಮ್ಮ ಪ್ರಶ್ನೆ ತಾನಾಗಿಯೇ ಬಂತು. ಕಾಯಬಲ್ಲವನು ಬಡ್ಡಿ ತಿನ್ನುತ್ತಾನೆ, ಕಾಯಲಾರದವನು ಕಟ್ಟುತ್ತಾನೆ.

ಇದರಲ್ಲಿ ಒಂದು ಮಾತಿನ ಮೋಸ ಇದೆ. ಸಾವುಕಾರ 'ಶೇಕಡಾ ಮೂರು' ಅನ್ನುತ್ತಾನೆ. ಬ್ಯಾಂಕಿನವನು 'ಶೇಕಡಾ ಹನ್ನೆರಡು' ಅನ್ನುತ್ತಾನೆ. ನಮ್ಮಪ್ಪ ಮೂರು ಸಣ್ಣದು ಅಂತ ಸಾವುಕಾರನ ಕಟ್ಟೆಗೆ ಹೋಗುತ್ತಾನೆ. ಆದರೆ ಸಾವುಕಾರನ ಮೂರು ತಿಂಗಳಿಗೆ, ಬ್ಯಾಂಕಿನ ಹನ್ನೆರಡು ವರ್ಷಕ್ಕೆ. 20,000 ರೂಪಾಯಿಗೆ ಲೆಕ್ಕ ಹಾಕಿರಿ. ಸಾವುಕಾರನಿಗೆ ತಿಂಗಳಿಗೆ 600, ವರ್ಷಕ್ಕೆ 7200. ಬ್ಯಾಂಕಿಗೆ ವರ್ಷಕ್ಕೆ 2400. ಮೂರು ಪಟ್ಟು ಅಂತರ. ಇಷ್ಟು ಲೆಕ್ಕ ಏಳನೇ ಇಯತ್ತೆಯ ಹುಡುಗನಿಗೆ ಬರುತ್ತದೆ. ಆದರೆ ಆ ಹುಡುಗನನ್ನು ಕೂರಿಸಿಕೊಂಡು ಕಾಗದ ಬರೆಸುವುದು ನಮ್ಮ ಮನೆಗಳಲ್ಲಿ ಇಲ್ಲ, ಯಾಕೆಂದರೆ ಸಾಲದ ಮಾತು ಮಕ್ಕಳ ಮುಂದೆ ಆಡಬಾರದು. ಇನ್ನು ಮುಂದೆ ಆಡಬೇಕು.

ಅಪ್ಪ ದಡ್ಡ ಅಂತಲೂ ತಿಳಿಯಬೇಡಿರಿ. ಬ್ಯಾಂಕಿನವನು ಪಹಣಿ ತಾ, ಜಾಮೀನು ತಾ, ಮುಂದಿನ ಸೋಮವಾರ ಬಾ ಅನ್ನುತ್ತಾನೆ. ಮಗು ಜ್ವರದಿಂದ ಮಲಗಿದೆ. ಮುಂದಿನ ಸೋಮವಾರದವರೆಗೆ ಕಾಯುವ ತಾಕತ್ತು ಇಲ್ಲ. ಸಾವುಕಾರ ರಾತ್ರಿ ಹತ್ತು ಗಂಟೆಗೂ ಬಾಗಿಲು ತೆರೆಯುತ್ತಾನೆ. ಆ ಬಾಗಿಲಿನ ಬಾಡಿಗೆಯೇ ಆ ಹೆಚ್ಚಿನ 4800 ರೂಪಾಯಿ.

ಮುಕಾದಮನ ಮುಂಗಡ ಇದಕ್ಕಿಂತ ಕೆಟ್ಟದ್ದು. ಅದಕ್ಕೆ ಬಡ್ಡಿ ಕಾಣುವುದಿಲ್ಲ. ಆದರೆ ಮುಂಗಡ ತೀರುವವರೆಗೆ ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕರೂ ಹೋಗುವಂತಿಲ್ಲ. 'ಇಲ್ಲ' ಅನ್ನುವ ಹಕ್ಕನ್ನು ಮೊದಲೇ ಮಾರಿದಂತಾಯಿತು. ಸಾಲ ಹೊತ್ತ ಕಾರಣಕ್ಕೆ ಮನುಷ್ಯನನ್ನು ಬೇರೆ ಕೆಲಸಕ್ಕೆ ಹೋಗದಂತೆ ತಡೆದರೆ ಅದಕ್ಕೆ ಜೀತ ಅಂತ ಹೆಸರು. 1976ರ ಜೀತ ನಿರ್ಮೂಲನ ಕಾಯ್ದೆ ಅಂಥ ಸಾಲವನ್ನೇ ಅಳಿಸಿ ಹಾಕಿತು. ಜೀತ ಅಂದರೆ ಕಾಲಿಗೆ ಸರಪಳಿ ಇರಬೇಕು ಅಂತ ತಿಳಿಯಬೇಡಿರಿ. ನಮ್ಮ ಗೆಳೆಯನ ಕಾಲಿಗೆ ಸರಪಳಿ ಇರಲಿಲ್ಲ.

ನಾಲ್ಕನೆಯ ಕೋಣೆ, ಭೂಮಿ ಮತ್ತು ಲಾವಣಿ. ನಮ್ಮ ಹಿರಿಯರಿಗೆ ವತನದ ಜಮೀನು ಇತ್ತು ಅಂತ ಕೆಲವರ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ವತನ ಅಂದರೇನು? ಒಂದು ತುಂಡು ನೆಲ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕೈಯೊಡ್ಡಿ ತರುವ ಆಯ, ಅದಕ್ಕೆ ಬದಲಾಗಿ ಹಗಲು-ರಾತ್ರಿ ಊರಿನ ಮತ್ತು ಸರಕಾರದ ಚಾಕರಿ. ಕೆಲಸಕ್ಕೆ ಗಂಟೆಯ ಲೆಕ್ಕ ಇಲ್ಲ, ಕಾಳಿಗೆ ಸೇರಿನ ಕರಾರು ಇಲ್ಲ. ಕರಾರು ಇಲ್ಲದ ಕೂಲಿ ಕೂಲಿಯಲ್ಲ, ಭಿಕ್ಷೆ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಶಾಸನಸಭೆಯಲ್ಲಿ ಬಾಬಾಸಾಹೇಬರು 1928ರಲ್ಲಿ ವತನದ ಕಾಯ್ದೆ ತಿದ್ದುವ ಮಸೂದೆ ತಂದರು. ವತನದ ನೆಲ ಬಿಡಲಾರದೆ ಜನ ಹೊಸ ಕಸುಬಿಗೆ ಹೋಗಲಾರರು, ಆಯದ ಆಸೆಗೆ ಊರಿನ ಎದುರು ತಲೆ ಎತ್ತಲಾರರು ಅನ್ನುವುದು ಅವರಿಗೆ ಕಂಡಿತ್ತು. ಅಂದರೆ ವತನ ನಮಗೆ ಕಾಯುವ ತಾಕತ್ತು ಕೊಟ್ಟ ಆಸ್ತಿಯಲ್ಲ, ಅದನ್ನು ಕಿತ್ತುಕೊಂಡ ಗೂಟ. ಮೈಸೂರು ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ.

ವತನದ ಮಸೂದೆಗೂ ಹತ್ತು ವರ್ಷ ಮೊದಲೇ, 1918ರಲ್ಲಿ, ಬಾಬಾಸಾಹೇಬರು ಸಣ್ಣ ಹಿಡುವಳಿಗಳ ಬಗ್ಗೆ ಲೇಖನ ಬರೆದಿದ್ದರು. ಹೊಲ ಸಣ್ಣದೋ ದೊಡ್ಡದೋ ಅನ್ನುವುದನ್ನು ಎಕರೆಯಿಂದ ಮಾತ್ರ ಹೇಳಲಾಗದು, ಎತ್ತು, ನೇಗಿಲು, ನೀರು, ಬಂಡವಾಳ ಎಷ್ಟಿದೆ ಅನ್ನುವುದರ ಮೇಲೆ ಹೇಳಬೇಕು ಅಂದರು. ಒಂದೇ ನೆಲದ ಮೇಲೆ ಬೇರೆ ಕೆಲಸವಿಲ್ಲದ ಎಷ್ಟೋ ಕೈಗಳು ಬಿದ್ದಿವೆ, ಕೈಗಾರಿಕೆ ಬೆಳೆದು ಅವರನ್ನು ಎಳೆದುಕೊಳ್ಳಬೇಕು ಅಂದರು. ಅವರು ಹೇಳಿದ ಹಾಗೆ ನಮ್ಮ ಜನ ನೆಲ ಬಿಟ್ಟು ಹೊರಟರು. ಗೋವಾಕ್ಕೆ, ಮುಂಬಯಿಗೆ, ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ನಮ್ಮ ತಾಲೂಕುಗಳ ಗಂಟುಮೂಟೆ ನೋಡಿದ್ದೀರಿ. ಆದರೆ ಅಲ್ಲಿಯೂ ಮಣ್ಣು ಹೊರುವುದು, ಕಲ್ಲು ಹೊರುವುದು, ಗಟಾರ ಬಳಿಯುವುದು. ಊರು ಬದಲಾಯಿತು, ಕೆಲಸದ ಮೆಟ್ಟಿಲು ಬದಲಾಗಲಿಲ್ಲ.

ಯಾಕೆ? ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರಖಾನೆಯ ಉದಾಹರಣೆ ಕೊಟ್ಟ. ಹತ್ತು ಜನ ಕೆಲಸ ಹಂಚಿಕೊಂಡು ಮಾಡಿದರೆ ದಿನಕ್ಕೆ 48,000 ಸೂಜಿ. ಇದು ಶ್ರಮ ವಿಭಜನೆ, ಇದರಿಂದ ಉತ್ಪಾದನೆ ಹೆಚ್ಚುತ್ತದೆ. ಜಾತಿಯೂ ಹಾಗೇ ಒಂದು ಕೆಲಸದ ಹಂಚಿಕೆ ಅಂತ ಪಂಡಿತರು ಹೇಳುತ್ತ ಬಂದರು. ಬಾಬಾಸಾಹೇಬರು 1936ರ ಜಾತಿ ವಿನಾಶದ ಗ್ರಂಥದಲ್ಲಿ ಆ ಮಾತಿನ ಬುಡ ಕಿತ್ತರು. ಸೂಜಿ ಕಾರಖಾನೆಯಲ್ಲಿ ತಂತಿ ಎಳೆಯುವವನು ನಾಳೆ ತುದಿ ಮಸೆಯಬಹುದು, ನಾಡಿದ್ದು ಕೆಲಸ ಬಿಡಬಹುದು. ಜಾತಿಯಲ್ಲಿ ಹುಟ್ಟಿದ ಕೂಡಲೆ ಕೆಲಸ ಗೊತ್ತಾಗಿರುತ್ತದೆ, ಮೇಲಾಗಿ ಕೆಲಸದವರನ್ನೇ ಒಬ್ಬರ ತಲೆಯ ಮೇಲೊಬ್ಬರಂತೆ ಜೋಡಿಸಿಟ್ಟಿರುತ್ತದೆ. ಬಾಗೇವಾಡಿ ಬಸವಣ್ಣನವರ ನೆಲ. ಕಾಯಕಕ್ಕೆ ಗೌರವ ಕೊಟ್ಟ ನೆಲ ಅಂತ ಜಾತ್ರೆಯಲ್ಲಿ ಭಾಷಣ ಮಾಡುತ್ತಾರೆ. ಯಾವ ಕಾಯಕ ಮಾಡಬೇಕು ಅನ್ನುವ ಆಯ್ಕೆ ನಮ್ಮ ಕೈಗೆ ಬಂದ ದಿನ ಆ ಮಾತು ನಿಜವಾಗುತ್ತದೆ.

ಭೂಮಿಯ ಇನ್ನೊಂದು ಮುಖ ಆಲಮಟ್ಟಿ. ಹಳೆಯ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು, 2006ರಲ್ಲಿ ರಾಷ್ಟ್ರಪತಿ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ನೀರು ಬೇಕು, ನಾವು ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ಕೇಳುತ್ತೇವೆ. ಮುಳುಗಿದ ಎಕರೆಗೆ ಬೆಲೆ ಕಟ್ಟುತ್ತಾರೆ. ಆ ಎಕರೆಯ ಮೇಲೆ ಮೂವತ್ತು ವರ್ಷ ಕಳೆ ತೆಗೆದವಳ ದುಡಿಮೆಗೆ ಪಹಣಿ ಇಲ್ಲ. ಹೊಳೆ ದಂಡೆಯ ಹುಲ್ಲು, ಕಟ್ಟಿಗೆ, ಮೀನಿಗೂ ಪಹಣಿ ಇಲ್ಲ. ಕಾಗದದಲ್ಲಿ ಇಲ್ಲದ್ದು ಲೆಕ್ಕದಲ್ಲಿ ಇಲ್ಲ. ಆದ್ದರಿಂದ ಕಾಗದ ಹಿಡಿಯುವುದನ್ನು ಕಲಿಯಿರಿ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ನಮಗೆ ಮಂಜೂರಾದ ಜಮೀನು ಸರಕಾರದ ಅನುಮತಿ ಇಲ್ಲದೆ ಪರಭಾರೆ ಆಗಿದ್ದರೆ ತಿರುಗಿ ಕೊಡಿಸುವ ಕಾಯ್ದೆ. ತಡವಾಗಿ ಬಂದಿರಿ ಅಂತ ಕೋರ್ಟುಗಳಲ್ಲಿ ಅರ್ಜಿ ಬೀಳತೊಡಗಿದಾಗ 2023ರ ತಿದ್ದುಪಡಿ, ಅರ್ಜಿಗೆ ಕಾಲದ ಮಿತಿ ಇಲ್ಲ ಅಂತ ಬರೆಯಿತು. ಇದೂ ಒಂದು ಕಾಯುವ ತಾಕತ್ತೇ. ನಿಮ್ಮ ಅಜ್ಜನ ಮಂಜೂರಿ ಕಾಗದ ಯಾವ ಗಂಟಿನಲ್ಲಿದೆ, ಹುಡುಕಿರಿ.

ಗೆಳೆಯರೇ, ಹೊತ್ತಾಯಿತು. ಪುಸ್ತಕದಲ್ಲಿ ಉತ್ಪಾದನೆಯ ಅಂಗಗಳು ನಾಲ್ಕು ಅಂತ ಬರೆದಿದೆ. ಭೂಮಿ, ಶ್ರಮ, ಬಂಡವಾಳ, ಸಂಘಟನೆ. ಭೂಮಿ ನಮ್ಮದಲ್ಲ. ಬಂಡವಾಳ ನಮ್ಮದಲ್ಲ. ಶ್ರಮ ನಮ್ಮದು, ಆದರೆ ಸಂಜೆಗೆ ಸಾಯುವ ಮಾಲು. ಉಳಿದದ್ದು ನಾಲ್ಕನೆಯದು. ಪುಸ್ತಕದವರು ಸಂಘಟನೆ ಅಂದರೆ ಮಾಲೀಕನ ಜಾಣತನ ಅಂತ ಅರ್ಥ ಮಾಡುತ್ತಾರೆ. ನಾವು ಆ ಶಬ್ದವನ್ನು ಬೇರೆ ಅರ್ಥದಲ್ಲಿ ಕಲಿತವರು. ಒಬ್ಬ ಕೂಲಿಯವ ಒಂದು ದಿನ ಕಾಯಲಾರ. ಐವತ್ತು ಮನೆಗಳು ಹೋಳಿಯ ಹೊತ್ತಿಗೆ ಒಂದೊಂದು ಬುಟ್ಟಿ ಜೋಳ ಕೂಡಿ ಇಟ್ಟರೆ ಆ ಕೇರಿ ಪಂಚಮಿ ಮುಂದೆ ಹದಿನೈದು ದಿನವಾದರೂ 'ಇಲ್ಲ' ಅನ್ನಬಲ್ಲದು. ಒಂದೊಂದು ರೂಪಾಯಿ ಕೂಡಿ ಇಟ್ಟರೆ ಜ್ವರದ ರಾತ್ರಿ ಸಾವುಕಾರನ ಬಾಗಿಲು ತಟ್ಟಬೇಕಿಲ್ಲ. ಎಲ್ಲರ ಸಣ್ಣ ಸಣ್ಣ ತಾಕತ್ತನ್ನು ಒಂದು ಕಡೆ ಕೂಡಿಡುವುದಕ್ಕೇ ನಾವು ಸಂಘಟನೆ ಅನ್ನುತ್ತೇವೆ. ಘೋಷಣೆ ಆಮೇಲೆ.

ಈ ಸೂಟಿಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿರಿ. ಎರಡು ರೂಪಾಯಿಯದೋ ಹತ್ತು ರೂಪಾಯಿಯದೋ ಒಂದು ವಹಿ ತಗೊಂಡು ನಿಮ್ಮ ಮನೆಯ ಲೆಕ್ಕ ಬರೆಯಿರಿ. ಯಾರು ಎಷ್ಟು ದಿನ ದುಡಿದರು, ಕೂಲಿ ಎಷ್ಟು, ಆ ಕೂಲಿಗೆ ಎಷ್ಟು ಕಿಲೋ ಜೋಳ. ಏನು ಮಾರಿದಿರಿ, ಯಾವ ತಿಂಗಳು, ಅದೇ ಮಾಲನ್ನು ತಿರುಗಿ ಯಾವ ತಿಂಗಳು ಯಾವ ಬೆಲೆಗೆ ಕೊಂಡಿರಿ. ಸಾಲ ಎಷ್ಟು, ಶೇಕಡಾ ತಿಂಗಳಿಗೋ ವರ್ಷಕ್ಕೋ. ಅವ್ವನ ದುಡಿಮೆಯ ಗಂಟೆಗಳನ್ನೂ ಬರೆಯಿರಿ, ರೊಟ್ಟಿ ಬಡಿಯುವುದು, ನೀರು ತರುವುದು ಕೂಡ. ನಾಲ್ಕು ತಾಲೂಕಿನ ವಹಿಗಳು ಒಂದು ಕಡೆ ಸೇರಿದರೆ ಅದು ನಮ್ಮ ಅರ್ಥಶಾಸ್ತ್ರದ ಮೊದಲ ಪುಸ್ತಕ. ಅದನ್ನು ಬರೆಯುವವರು ನೀವು.

ಇನ್ನೊಂದು. ಸೂಟಿ ಮುಗಿದ ಮೇಲೆ ಹಾಸ್ಟೆಲಿನಲ್ಲಿ ಮಂಚಗಳನ್ನು ಎಣಿಸಿರಿ. ಯಾರದಾದರೂ ಟ್ರಂಕು ಇದ್ದು ಅವನು ಇಲ್ಲವಾದರೆ ವಾರ್ಡನ್ನರು ಬರೆಯುವ ಗೈರುಹಾಜರಿಗೆ ಕಾಯಬೇಡಿರಿ. ನಾಲ್ಕು ಜನ ಕೂಡಿ ಅವನ ಊರಿಗೆ ಹೋಗಿರಿ. ಮುಂಗಡ ಎಷ್ಟು, ಯಾರದು, ಕೇಳಿರಿ, ಲೆಕ್ಕ ಹಾಕಿರಿ, ಹಿರಿಯರನ್ನು ಕರೆಯಿರಿ. ನಮ್ಮ ಗೆಳೆಯನ ಊರಿಗೆ ನಾವು ಹೋಗಲಿಲ್ಲ. ಪರೀಕ್ಷೆ ಹತ್ತಿರ ಇತ್ತು, ಅವನು ಬಂದಾನು ಅಂತ ಕಾದೆವು. ಎಲ್ಲಿ ಕಾಯಬಾರದು ಅನ್ನುವುದು ನಮಗೆ ಆಗ ತಿಳಿದಿರಲಿಲ್ಲ.

ಜೈಭೀಮ್.